54ನೇ ವಯಸ್ಸಿಗೆ ಕೆಲಸ ಹೋಯಿತು: ಪೆನ್ಷನ್ ಈಗಲೇ ತೆಗೆದುಕೊಳ್ಳಲೇ, 58ರವರೆಗೆ ಕಾಯಲೇ?

ಸರ್, 2001ರ ಸೆಪ್ಟೆಂಬರ್‌ನಲ್ಲಿ ಸೇರಿ 24 ವರ್ಷ ದುಡಿದ ಫ್ಯಾಕ್ಟರಿ ಈಗ ನಿಮ್ಮನ್ನು ಬೇಡ ಎಂದಿದೆ. ಪಿಎಫ್ ಜೊತೆಗೆ ಬರುವ ಪೆನ್ಷನ್ (ಇಪಿಎಸ್) ಪೂರ್ತಿಯಾಗಿ ಸಿಗುವುದು 58ಕ್ಕೆ; ಕಡಿತ ಒಪ್ಪಿ ಅದನ್ನು ಈಗಲೇ ತೆಗೆದುಕೊಳ್ಳಬೇಕೇ, ಕಾಯಬೇಕೇ ಎಂದು ಕೇಳಿದ್ದೀರಿ. ಎಚ್‌ಆರ್‌ನವರು ರಾಜೀನಾಮೆ ಬರೆದುಕೊಡಿ ಎನ್ನುತ್ತಿದ್ದಾರೆ ಎಂದೂ ಬರೆದಿದ್ದೀರಿ. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ದಯವಿಟ್ಟು ರಾಜೀನಾಮೆ ಬರೆಯಬೇಡಿ. ಅವರಾಗಿ ತೆಗೆದರೆ ಕಾರ್ಮಿಕನಿಗೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನದ ಸಂಬಳದಂತೆ ಪರಿಹಾರ ಕೊಡಬೇಕು. ನೀವಾಗಿ ಬಿಟ್ಟರೆ ಇದು ಸಿಗುವುದಿಲ್ಲ. ಗ್ರ್ಯಾಚುಯಿಟಿ ಇದರೊಳಗೆ ಸೇರಿಲ್ಲ, ಅದು ಬೇರೆಯೇ. ನೀವು ಹೇಳಿದ ಬೇಸಿಕ್, ಡಿಎ ಸೇರಿ 28,000ಕ್ಕೆ 15/26ರ ಲೆಕ್ಕದಲ್ಲಿ (ತಿಂಗಳಿಗೆ 26 ದಿನ ಹಿಡಿದು ವರ್ಷಕ್ಕೆ 15 ದಿನದ ಸಂಬಳ) 24 ವರ್ಷಕ್ಕೆ ಗ್ರ್ಯಾಚುಯಿಟಿ 3,87,692 ರೂಪಾಯಿ ಬರಬೇಕು. ನನ್ನನ್ನೂ ಹೀಗೆಯೇ ಕೆಲಸದಿಂದ ತೆಗೆದಾಗ ಪರಿಹಾರ, ಗ್ರ್ಯಾಚುಯಿಟಿ ಎರಡನ್ನೂ ಸೇರಿಸಿ ಒಂದೇ ಚೆಕ್ ಕೊಡಲು ಬಂದಿದ್ದರು. ಪ್ರತ್ಯೇಕವಾಗಿ ಬರೆದುಕೊಡಿ ಎಂದು ಪಟ್ಟು ಹಿಡಿದು ಕೂತಮೇಲೆ ಮೊತ್ತವೇ ಬದಲಾಯಿತು.

ಈಗ ಪೆನ್ಷನ್. ಮೊಬೈಲ್‌ನಲ್ಲಿ ಓಡಾಡುವ ಲೆಕ್ಕ ಎಲ್ಲರಿಗೂ ಗೊತ್ತು: ಸಂಬಳ ಗುಣಿಸು ಸೇವೆಯ ವರ್ಷ, ಭಾಗಿಸು 70. ಪೆನ್ಷನ್ ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿ 15,000, ಹಾಗಾಗಿ 24 ವರ್ಷಕ್ಕೆ 5,142 ಎಂದು ನೀವೂ ಹಾಕಿಕೊಂಡಿದ್ದೀರಿ. ಅಷ್ಟು ಬರುವುದಿಲ್ಲ ಸರ್. ಆ 15,000ದ ಮಿತಿ ಬಂದದ್ದು 2014ರ ಸೆಪ್ಟೆಂಬರ್ 1ರಿಂದ. ಅದಕ್ಕೆ ಹಿಂದಿನ ಸೇವೆಯನ್ನು 6,500ರ ಮೇಲೇ ಲೆಕ್ಕ ಹಾಕುತ್ತಾರೆ. ನಿಮ್ಮ ಮೊದಲ 13 ವರ್ಷಕ್ಕೆ 1,207, ನಂತರದ 11 ವರ್ಷಕ್ಕೆ 2,357, ಒಟ್ಟು 3,564. 58 ತುಂಬಿ ನಿವೃತ್ತರಾಗುವವರಿಗೆ ಸೇವೆ ಇಪ್ಪತ್ತು ವರ್ಷ ಆಗಿದ್ದರೆ ಇನ್ನೆರಡು ವರ್ಷ ಸೇರಿಸುವ ಅವಕಾಶವಿದೆ, ಅದನ್ನು ನಾನಿಲ್ಲಿ ಹಿಡಿದಿಲ್ಲ. ನನ್ನ ಲೆಕ್ಕದಲ್ಲಿ ಈ ವ್ಯತ್ಯಾಸ ಕಂಡ ದಿನ ರಾತ್ರಿ ನಿದ್ದೆ ಬರಲಿಲ್ಲ. ನಿಮಗೆ ಈಗಲೇ ಗೊತ್ತಿದ್ದರೆ ಒಳ್ಳೆಯದು.

ಐವತ್ತು ತುಂಬಿದ್ದರೆ 58ಕ್ಕೆ ಮೊದಲೇ ತೆಗೆದುಕೊಳ್ಳಬಹುದು, ಆದರೆ ಕಡಿಮೆಯಿರುವ ಪ್ರತಿ ವರ್ಷಕ್ಕೆ 4% ಕಡಿತ, ಅದೂ ಜೀವನಪೂರ್ತಿ. ನಿಮಗೆ ನಾಲ್ಕು ವರ್ಷ ಕಡಿಮೆ, ಅಂದರೆ ಕೈಗೆ ಸುಮಾರು 3,000. "ಅಯ್ಯೋ ಲಾಸು, ಮುಟ್ಟಲೇಬೇಡ" ಎಂದು ಎಲ್ಲರೂ ಹೇಳುತ್ತಾರೆ. ಕಾಗದ ಹಿಡಿದು ಕೂತು ನೋಡಿ. ಈಗಲೇ ಶುರುವಾದರೆ 58 ಆಗುವಷ್ಟರಲ್ಲಿ ಸುಮಾರು 1,44,000 ಕೈಗೆ ಬಂದಿರುತ್ತದೆ. ಕಾದರೆ ತಿಂಗಳಿಗೆ ಹೆಚ್ಚು ಸಿಗುವುದು 550ರ ಆಸುಪಾಸು. ಆ 1,44,000 ಸರಿದೂಗಲು 22 ವರ್ಷ ಬೇಕು, ಅಷ್ಟೊತ್ತಿಗೆ ನಿಮಗೆ 80. ಈ ಪೆನ್ಷನ್‌ಗೆ ತುಟ್ಟಿಭತ್ಯೆಯೂ ಇಲ್ಲ. ಹಾಗಾಗಿ ಬೇಗ ತೆಗೆದುಕೊಂಡವರೆಲ್ಲ ತಪ್ಪು ಮಾಡಿದರು ಎಂದು ನಾನು ಒಪ್ಪುವುದಿಲ್ಲ.

ನಾನು ಕೇಳುವುದು ಒಂದೇ: ಇನ್ನು ಮುಂದೆ ಪಿಎಫ್ ಹಿಡಿಯುವ ಕೆಲಸಕ್ಕೆ ಹೋಗುತ್ತೀರಾ? ಹೋಗುವುದಾದರೆ ಈಗ ಪೆನ್ಷನ್ ಬೇಡ. ಫಾರಂ 10ಸಿ ಹಾಕಿ, ಇಲ್ಲಿಯವರೆಗಿನ ಸೇವೆಗೆ ದಾಖಲೆಯಾಗುವ ಸ್ಕೀಮ್ ಸರ್ಟಿಫಿಕೇಟ್ ತೆಗೆದಿಡಿ, ಹಳೆಯ ಸೇವೆಗೆ ಹೊಸದು ಸೇರುತ್ತದೆ. ನನ್ನನ್ನು ತೆಗೆದಾಗ 53. ಎಂಟು ತಿಂಗಳು ಅಲೆದು ಪೀಣ್ಯದಲ್ಲೇ ಒಂದು ಸಣ್ಣ ವರ್ಕ್‌ಶಾಪ್‌ನಲ್ಲಿ ಸ್ಟೋರ್ಸ್ ನೋಡಿಕೊಳ್ಳುವ ಕೆಲಸ ಸಿಕ್ಕಿತು, ನಾಲ್ಕು ವರ್ಷ ಸೇವೆ ಸೇರಿತು, 58ಕ್ಕೆ ಪೆನ್ಷನ್ ಕೇಳುವ ಫಾರಂ 10ಡಿ ಹಾಕಿದೆ. ನನ್ನ ಜೊತೆಗೇ ಹೊರಬಿದ್ದ ಗೆಳೆಯ ತಿಪಟೂರಿನ ಕಡೆ ತೋಟಕ್ಕೆ ವಾಪಸ್ ಹೋದ. ಅವನಿಗೆ ಮತ್ತೆ ನೌಕರಿಯ ಯೋಚನೆಯೇ ಇರಲಿಲ್ಲ, 54ಕ್ಕೇ ತೆಗೆದುಕೊಂಡ. ಅವನು ಮಾಡಿದ್ದು ಅವನಿಗೆ ಸರಿ.

ನಿಜ ಹೇಳಬೇಕೆಂದರೆ ಕುಟುಂಬಗಳು ಸೋಲುವುದು ಈ 550 ರೂಪಾಯಿಯಲ್ಲಲ್ಲ, ಒಟ್ಟಿಗೆ ಬರುವ ದುಡ್ಡಿನಲ್ಲಿ. ಗ್ರ್ಯಾಚುಯಿಟಿ, ಪರಿಹಾರ ಖಾತೆಗೆ ಬಿದ್ದ ವಾರದಲ್ಲೇ ಸೈಟು, ಚೀಟಿ, ಸಂಬಂಧಿಕರ ವ್ಯಾಪಾರ ಎಲ್ಲ ಬಾಗಿಲಿಗೆ ಬರುತ್ತವೆ. ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿ ಗಂಡ ಹೆಂಡತಿ ಜಂಟಿಯಾಗಿ 15 ಲಕ್ಷದವರೆಗೆ ಇಡಬಹುದು. ತಿಂಗಳಿಗೆ ಬಡ್ಡಿ ಬರುತ್ತಿದ್ದರೆ ಮನೆಯಲ್ಲಿ ಎಲ್ಲರ ಮನಸ್ಸೂ ಒಂದಿಷ್ಟು ನೆಲೆ ನಿಲ್ಲುತ್ತದೆ. ಪಿಎಫ್ ದುಡ್ಡನ್ನು ಹೆದರಿ ಪೂರ್ತಿ ಎಳೆಯಬೇಡಿ. ಕೆಲಸ ಬಿಟ್ಟ ಮಾತ್ರಕ್ಕೆ ಬಡ್ಡಿ ನಿಲ್ಲುವುದಿಲ್ಲ, ಆದರೆ ಬಿಟ್ಟ ನಂತರದ ಬಡ್ಡಿಗೆ ತೆರಿಗೆ ಬರುತ್ತದೆ ಎಂಬುದು ನೆನಪಿರಲಿ.

ಫ್ಯಾಕ್ಟರಿ ಆಫೀಸು ಇನ್ನೂ ತೆರೆದಿರುವಾಗಲೇ ಪಿಎಫ್ ಖಾತೆಯಲ್ಲಿ ನಿಮ್ಮ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಆಧಾರ್‌ನಂತೆಯೇ ಇವೆಯೇ ನೋಡಿ. ನನ್ನ ಹಳೆಯ ಕಂಪನಿ ಕೆಲಸ ಬಿಟ್ಟ ದಿನಾಂಕವನ್ನೇ ಹಾಕಿರಲಿಲ್ಲ, ಅದಕ್ಕಾಗಿ ಐದು ತಿಂಗಳು ಅಲೆದೆ. ಈಗ ಕೊನೆಯ ವಂತಿಗೆಯಾಗಿ ಎರಡು ತಿಂಗಳಾದಮೇಲೆ ನೀವೇ ಪೋರ್ಟಲ್‌ನಲ್ಲಿ ಹಾಕಬಹುದು.

ಪಾಸ್‌ಬುಕ್‌ನಲ್ಲಿ ಪೆನ್ಷನ್ ಕಾಲಂ ತೆಗೆದು ನೋಡಿ, 2014ರ ನಂತರ ತಿಂಗಳಿಗೆ 1,250 ಬಿದ್ದಿದೆಯೇ ಅಂತ. ಎಲ್ಲಾದರೂ ತಪ್ಪಿದ್ದರೆ ತಿಂಗಳು, ವರ್ಷ ಬರೆದು ಕಳಿಸಿ, ಕೂತು ಲೆಕ್ಕ ಹಾಕಿಕೊಡುತ್ತೇನೆ.