ಒಳಗೆ ಜೇಡಿಮಣ್ಣಿರುವ ಕಲ್ಲು ಉಲ್ಕಾಶಿಲೆಯಾಗಿರಬಹುದೇ?

ಮಳೆಗೆ ಕೊಚ್ಚಿಹೋದ ಇಳಿಜಾರಿನಲ್ಲಿ ಈ ಕಲ್ಲು ಸಿಕ್ಕಿತು, ಹೊರಗೆ ಅರ್ಧ ಸೆಂಟಿಮೀಟರ್ ದಪ್ಪದ ಕಂದು ಚಿಪ್ಪಿದೆ, ಒಡೆದಾಗ ಒಳಗೆ ಬೂದು ಜೇಡಿಮಣ್ಣು ಕಂಡಿತು, ಅಯಸ್ಕಾಂತಕ್ಕೆ ತುಸು ಅಂಟುತ್ತದೆ ಎಂದಿದ್ದೀರಿ. ನೇರವಾಗಿ ಹೇಳಿಬಿಡುತ್ತೇನೆ: ನಿಮ್ಮದು ಉಲ್ಕಾಶಿಲೆಯಲ್ಲ ಎಂದೇ ನನ್ನ ಅನುಮಾನ. ಆದರೆ 'ಜೇಡಿಮಣ್ಣಿದ್ದರೆ ಉಲ್ಕಾಶಿಲೆಯೇ ಅಲ್ಲ' ಎಂದು ನಿಮಗೆ ಯಾರೋ ಹೇಳಿದರಲ್ಲ, ಅದೂ ತಪ್ಪು.

ಇಂಗಾಲ ಹೆಚ್ಚಿರುವ ಕೆಲವು ಉಲ್ಕಾಶಿಲೆಗಳ ಬಹುಪಾಲು ಜೇಡಿ ಖನಿಜಗಳೇ. ಸುಮಾರು 450 ಕೋಟಿ ವರ್ಷಗಳ ಹಿಂದೆ ಕ್ಷುದ್ರಗ್ರಹದೊಳಗಿನ ಮಂಜುಗಡ್ಡೆ ಕರಗಿ, ಆ ನೀರು ಕಲ್ಲಿನೊಂದಿಗೆ ಬೆರೆತು ಹುಟ್ಟಿದ ಜೇಡಿ ಅದು. ತೊಡಕಿರುವುದೂ ಅಲ್ಲಿಯೇ. 1864ರ ಮೇ 14ರಂದು ಫ್ರಾನ್ಸಿನ ಓರ್ಗೇಯ್ ಬಳಿ ಬಿದ್ದ ಇಂಥದೊಂದು ಕಲ್ಲು ನೀರು ತಾಗಿದರೆ ಪುಡಿಯಾಗುತ್ತಿತ್ತು. 2000ದ ಜನವರಿಯಲ್ಲಿ ಕೆನಡಾದ ಟ್ಯಾಗಿಷ್ ಸರೋವರದ ಮೇಲೆ ಬಿದ್ದ ಇನ್ನೊಂದರ ತುಣುಕುಗಳು ಕೈಗೆ ದಕ್ಕಿದ್ದೇ ಸರೋವರ ಹೆಪ್ಪುಗಟ್ಟಿತ್ತು ಎಂಬ ಅದೃಷ್ಟದಿಂದ. ಅಂಥ ಕಲ್ಲು ಮಳೆಗಾಲಗಳನ್ನು ದಾಟಿ, ಮಣ್ಣಿನಲ್ಲಿ ಬಿದ್ದು, ಗಟ್ಟಿ ಚಿಪ್ಪಿನೊಂದಿಗೆ ಉಳಿಯುವುದು ನಂಬಲು ಕಷ್ಟ.

ಚಿಪ್ಪಿನ ದಪ್ಪವೇ ಇನ್ನೊಂದು ಸುಳಿವು. ಉಲ್ಕಾಶಿಲೆ ಗಾಳಿಯಲ್ಲಿ ಉರಿದಾಗ ಅದರ ಮೇಲೆ ಮೂಡುವ ಕಪ್ಪು ಪದರ ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ತೆಳು. ನಿಮ್ಮದು ಹಲಸಿನ ಸಿಪ್ಪೆಯಂತಿದೆ! ನೀರಿನಲ್ಲಿ ಕರಗಿದ ಕಬ್ಬಿಣ ಜೇಡಿಯ ಉಂಡೆಯ ಸುತ್ತ ಪದರವಾಗಿ ಕೂತು ಗಟ್ಟಿಯಾದಾಗ ಇಂಥವು ಹುಟ್ಟುತ್ತವೆ. ಇದನ್ನು ನಾನು ಬಹಳ ತಡವಾಗಿ ಕಲಿತೆ. ಅಂಥದೇ ಒಂದು ಉಂಡೆಯನ್ನು ಎರಡು ವರ್ಷ ಗಾಜಿನ ಕಪಾಟಿನಲ್ಲಿಟ್ಟು, ಬಂದವರಿಗೆಲ್ಲ 'ಆಕಾಶದ್ದು' ಎಂದು ತೋರಿಸುತ್ತಿದ್ದೆ. ಒಂದು ದಿನ ಟೈಲಿನ ಹೊಳಪಿಲ್ಲದ ಹಿಂಬದಿಗೆ ಅದನ್ನು ಒರೆ ಹಚ್ಚಿದೆ. ಕುಂಕುಮಕ್ಕಿಂತ ತುಸು ಮಂಕಾದ ಕೆಂಪುಗಂದು ಗೆರೆ ಮೂಡಿತು. ಕಬ್ಬಿಣದ ಆಕ್ಸೈಡಿನ ಗೆರೆ ಅದು.

ನೀವೂ ಹಾಗೆಯೇ ಒರೆಸಿ ನೋಡಿ. ಕೆಂಪು ಅಥವಾ ಹಳದಿಗಂದು ಬಂದರೆ ಬಹುತೇಕ ತೀರ್ಮಾನವಾದಂತೆ. ಅಯಸ್ಕಾಂತವನ್ನು ನೆಚ್ಚಬೇಡಿ, ಭೂಮಿಯ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜ ಕೂಡ ಅದಕ್ಕೆ ಅಂಟುತ್ತದೆ. ಗೆರೆಯೇ ಮೂಡದಿದ್ದರೆ, ಇಲ್ಲವೇ ಕಪ್ಪಾಗಿ ಮೂಡಿ, ಒಡೆದ ಮುಖದಲ್ಲಿ ಒಂದು ಮಿಲಿಮೀಟರ್ ಆಸುಪಾಸಿನ ದುಂಡನೆಯ ಕಾಳುಗಳು ಕಂಡರೆ, ತೊಳೆಯದೆ ಒಣ ಡಬ್ಬಿಯಲ್ಲಿಟ್ಟು ಭೂವಿಜ್ಞಾನ ವಿಭಾಗವೊಂದಕ್ಕೆ ತೋರಿಸಿ. ಗೆರೆಯ ಬಣ್ಣ ಯಾವುದೆಂದು ನನಗೂ ತಿಳಿಸಿ.