ಬಫಿ ನೋಡುವುದು ಬಿಡಬೇಕಾ?

'ಬಫಿ ದ ವ್ಯಾಂಪೈರ್ ಸ್ಲೇಯರ್' ಟಿವಿ ಧಾರಾವಾಹಿಯ ಸೃಷ್ಟಿಕರ್ತ ಜಾಸ್ ವೀಡನ್ ನಟಿಯರನ್ನು ಕೆಟ್ಟದಾಗಿ ನಡೆಸಿಕೊಂಡರೆಂಬ ಆರೋಪ ಓದಿದ ಮೇಲೆ ಅದನ್ನು ನೋಡಲು ಮನಸ್ಸು ಬರುತ್ತಿಲ್ಲ, ಬೇರೆ ಅಭಿಮಾನಿಗಳು ಏನು ಮಾಡಿದರು ಅಂತ ಕೇಳಿದ್ದೀರಿ. ಎಲ್ಲರೂ ಒಂದೇ ಥರ ನಡೆದುಕೊಳ್ಳಲಿಲ್ಲ.

2017ರಲ್ಲಿ ವೀಡನ್ ವಿರುದ್ಧ ಅವರ ಮಾಜಿ ಪತ್ನಿ ಬರೆದ ಲೇಖನ ಬಂದಾಗ, 2002ರಿಂದ ನಡೆಯುತ್ತಿದ್ದ ವೀಡನೆಸ್ಕ್ ಎಂಬ ಅಭಿಮಾನಿ ತಾಣವೇ ಮುಚ್ಚಿತು. ಹದಿನೈದು ವರ್ಷ ಕಟ್ಟಿದ್ದು! ಆದರೆ ದೊಡ್ಡ ಪೆಟ್ಟು ಬಿದ್ದದ್ದು 2021ರ ಫೆಬ್ರವರಿಯಲ್ಲಿ. ಕಾರ್ಡೀಲಿಯಾ ಪಾತ್ರದ ಕರಿಸ್ಮಾ ಕಾರ್ಪೆಂಟರ್, ಗರ್ಭಿಣಿಯಾಗಿದ್ದಾಗ ವೀಡನ್ ತಮ್ಮನ್ನು ಎಷ್ಟು ಕೆಟ್ಟದಾಗಿ ನಡೆಸಿಕೊಂಡರು ಅಂತ ಬರೆದರು. ಸಹನಟಿಯರು ಅವರ ಬೆನ್ನಿಗೆ ನಿಂತರು. ಬಫಿಯಾಗಿದ್ದ ಸಾರಾ ಮಿಶೆಲ್ ಗೆಲ್ಲರ್ ಹೇಳಿದ್ದು ಇಷ್ಟೇ: ಬಫಿ ಹೆಸರಿನ ಜೊತೆ ನನ್ನ ಹೆಸರಿರುವುದು ಹೆಮ್ಮೆ, ವೀಡನ್ ಹೆಸರಿನ ಜೊತೆ ಸದಾ ಅಂಟಿಕೊಂಡಿರುವುದು ಬೇಡ. ತುಂಬಾ ಅಭಿಮಾನಿಗಳು ಇದೇ ದಾರಿ ಹಿಡಿದರು. 2022ರ ಸಂದರ್ಶನದಲ್ಲಿ ವೀಡನ್ ಹಲವು ಆರೋಪ ಅಲ್ಲಗಳೆದರು, ಕೆಲವು ತಪ್ಪು ಒಪ್ಪಿಕೊಂಡರು. ಅದರಿಂದ ಸಿಟ್ಟೇನೂ ಇಳಿಯಲಿಲ್ಲ.

ನನ್ನ ಮಟ್ಟಿಗೆ, 144 ಕಂತು ಒಬ್ಬನ ಆಸ್ತಿಯಲ್ಲ. ಕೊನೆಯ ಎರಡು ಸೀಸನ್ ನಡೆಸಿದ್ದು ಮಾರ್ಟಿ ನಾಕ್ಸನ್. ಜೇನ್ ಎಸ್ಪೆನ್ಸನ್ ಬರೆದ ಕಂತುಗಳಿವೆ. ಅದಕ್ಕೇ ನಾನು ಈಗಲೂ ನೋಡುತ್ತೇನೆ. ಆದರೆ ಬಫಿಯ ಗೆಳೆಯರ ಗುಂಪಿನ ಝ್ಯಾಂಡರ್‌ನ ಕೆಲವು ಜೋಕಿಗೆ ಮೊದಲಿನಂತೆ ನಗು ಬರುವುದಿಲ್ಲ. ನಿಮಗೆ ಆಗಲ್ಲ ಅಂದರೆ ಸುಮ್ನೆ ಬಲವಂತ ಮಾಡಿಕೊಳ್ಳಬೇಡಿ. ಒಂದು ಮಾತು, ಕಾರ್ಪೆಂಟರ್ ಬರೆದದ್ದನ್ನು ತಪ್ಪದೆ ಪೂರ್ತಿ ಓದಿ.