ಸ್ಟೇಷನ್ ಕಾಣುತ್ತದೆ, ದಾರಿ ಕಾಣುವುದಿಲ್ಲ

ಪ್ರಿಯ ಅಕ್ಕೋರೆ,

ಏಳು ಹಾಳೆ, ಎರಡೂ ಮಗ್ಗಲು. ಮಕ್ಕಳಿಗೆ ಅಕ್ಷರ ತಿದ್ದಿಸಿದ ಕೈ ಅಂತ ನೋಡಿದ ಕೂಡಲೇ ಗೊತ್ತಾಯಿತು. ಪೂರ್ತಿ ಅಚ್ಚು ಹಾಕಲು ಜಾಗ ಇಲ್ಲ, ಉಳಿದ ಓದುಗರಿಗಾಗಿ ಚುಟುಕಾಗಿ ಹೇಳುತ್ತೇನೆ. ನೀವು ಹುಬ್ಬಳ್ಳಿ-ಧಾರವಾಡದ ನಡುವೆ ಒಂದು ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ್ದೀರಿ. ಮಾಳಿಗೆ ಮೇಲೆ ನಿಂತರೆ ಸಣ್ಣ ರೈಲ್ವೆ ಸ್ಟೇಷನ್ ಕಾಣುತ್ತದೆ, ಅಲ್ಲಿಗೆ ನೆಟ್ಟಗೆ ದಾರಿ ಇಲ್ಲ. ಹಳೇ ಗೇಟ್ ಮುಚ್ಚಿ ಅಂಡರ್‌ಪಾಸ್ ಮಾಡಿದ್ದಾರೆ, ಮಳೆ ಬಂದರೆ ಅದರಲ್ಲಿ ಮೊಣಕಾಲುದ್ದ ನೀರು. ಉದ್ಯಾನಕ್ಕೆ ಬಿಟ್ಟ ಜಾಗದಲ್ಲಿ ಜಾಲಿ ಬೆಳೆದಿದೆ, ಮೂಲೆಯಲ್ಲಿ ಯಾರೋ ತಗಡಿನ ಶೆಡ್ ಹಾಕಿದ್ದಾರೆ. ಅವಳಿನಗರಕ್ಕೆ ಲೋಕಲ್ ರೈಲು ಯಾಕಿಲ್ಲ ಅಂತ ಕೇಳಿದ್ದೀರಿ. ಅಂಕೋಲಾ ರೈಲು ನಿಮ್ಮ ಕಾಲದಲ್ಲಿ ಬರುತ್ತದೋ ಇಲ್ಲವೋ ಅಂತಲೂ ಕೇಳಿದ್ದೀರಿ.

ಕೊನೆಯದನ್ನು ಮೊದಲು ಮುಗಿಸುತ್ತೇನೆ. ಹುಬ್ಬಳ್ಳಿ-ಅಂಕೋಲಾ ಮಾರ್ಗ ಮಂಜೂರಾದದ್ದು 1997-98ರಲ್ಲಿ. ಸುಮಾರು 165 ಕಿ.ಮೀ., ಕಲಘಟಗಿ, ಯಲ್ಲಾಪುರದ ಮೇಲೆ ಘಟ್ಟ ಇಳಿಯಬೇಕು. ಕಾಡು, ಕೋರ್ಟು, ವನ್ಯಜೀವಿ ಮಂಡಳಿ ಅಂತ ಸುತ್ತುತ್ತಾ ಇದೆ. ಆ ವರ್ಷ ಹುಟ್ಟಿದ ಕೂಸುಗಳಿಗೆ ಈಗ ಕೂಸುಗಳಾಗಿವೆ. ಧಾರವಾಡದಿಂದ ಕಿತ್ತೂರಿನ ಮೇಲೆ ಬೆಳಗಾವಿಗೆ ಹೋಗುವ 73 ಕಿ.ಮೀ. ಮಾರ್ಗಕ್ಕೂ ಜಮೀನಿನ ತಕರಾರು. ನಮ್ಮ ಕಡೆ ರೈಲಿನ ಮಾತು ಶುರುವಾದರೆ ಸಾಕು, ಇವೆರಡೇ. ಸಭೆ, ಮನವಿ, ಫೋಟೋ ಎಲ್ಲಾ ಅಲ್ಲೇ ಖರ್ಚಾಗುತ್ತದೆ. ನಿಮ್ಮ ಪತ್ರದಲ್ಲೂ ಮೂರು ಹಾಳೆ ಅದಕ್ಕೇ ಹೋಗಿದೆ, ಬೇಜಾರಾಗಬೇಡಿ.

ನನಗೆ ಹಿಡಿಸಿದ್ದು ನಾಲ್ಕನೇ ಹಾಳೆ. ಚಪ್ಪಲಿ ಕೈಯಲ್ಲಿ ಹಿಡಿದು ಅಂಡರ್‌ಪಾಸ್ ದಾಟಿದ್ದನ್ನು ಬರೆದಿದ್ದೀರಲ್ಲ, ಅದು. ಓದಿ ಸುಮ್ನೆ ಕೂರಲಾಗಲಿಲ್ಲ, ಹೋದ ಭಾನುವಾರ ನಾನೇ ಬಂದೆ. ನಿಮ್ಮ ಓಣಿಯ ಕೊನೆಯ ಮನೆಯಿಂದ ಹೆಜ್ಜೆ ಎಣಿಸುತ್ತಾ ನಡೆದೆ. ಸ್ಟೇಷನ್ ಮುಟ್ಟುವಷ್ಟರಲ್ಲಿ 2100 ಹೆಜ್ಜೆ ಆಯಿತು. ಒಂದೂವರೆ ಕಿಲೋಮೀಟರ್ ಹಿಡಿಯಿರಿ. ಹುಬ್ಬಳ್ಳಿ ಸ್ಟೇಷನ್ನಿನ 1507 ಮೀಟರಿನ ಪ್ಲ್ಯಾಟ್‌ಫಾರ್ಮ್ ಜಗತ್ತಿಗೇ ಉದ್ದದ್ದು ಅಂತ 2023ರಲ್ಲಿ ಸಂಭ್ರಮಪಟ್ಟೆವು. ಅಷ್ಟೇ ಉದ್ದದ ಸುತ್ತು ನಿಮಗೆ ದಿನಾ ಇದೆ, ಅದಕ್ಕೆ ಯಾರೂ ರಿಬ್ಬನ್ ಕತ್ತರಿಸಿಲ್ಲ. ಎರೆ ಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಒಂದೊಂದು ಕಾಲು ಅರ್ಧ ಕಿಲೋ ಭಾರ ಆಗಿತ್ತು. ಅಂಡರ್‌ಪಾಸಿನ ಗೋಡೆ ಮೇಲೆ ನೀರು ನಿಂತ ಗೆರೆ ನನ್ನ ಸೊಂಟದ ಹತ್ತಿರ ಇದೆ. ನೀವು ಮೊಣಕಾಲು ಅಂತ ಕಡಿಮೆಯೇ ಹೇಳಿದ್ದೀರಿ.

ಇದು ಯಾಕೆ ಹೀಗಾಯಿತು? ನಮ್ಮ ಊರು ಬೆಳೆದದ್ದು ಪಿ.ಬಿ. ರೋಡಿಗೆ, ಅಂದರೆ ಹಳೇ ಪುಣೆ-ಬೆಂಗಳೂರು ರಸ್ತೆಗೆ, ಮುಖ ಮಾಡಿ. 2018ರಲ್ಲಿ ಅದೇ ರೋಡಿನಲ್ಲಿ ತನ್ನದೇ ದಾರಿ ಇರುವ ಚಿಗರಿ ಬಸ್ಸು ಓಡತೊಡಗಿದ ಮೇಲೆ ಅದು ಇನ್ನೂ ಜಾಸ್ತಿ ಆಯಿತು. ಚಿಗರಿ ಒಳ್ಳೇದೇ, ನಾನೂ ಹತ್ತುತ್ತೇನೆ. ಆದರೆ ಉಣಕಲ್, ಅಮರಗೋಳ, ನವಲೂರು ಅಂತ ಹಳಿ ಮೇಲೆ ಮೂರು ಸ್ಟೇಷನ್ ಇವೆ ಅನ್ನುವುದೇ ಮರೆತುಹೋಯಿತು. ಲೇಔಟಿನ ನಕ್ಷೆ ಬರೆದವರಿಗೆ ಹಳಿ ಅಂದರೆ ಕಾಂಪೌಂಡ್ ಗೋಡೆ ಇದ್ದ ಹಾಗೆ. ಮನೆಗಳ ಹಿತ್ತಿಲು ಅತ್ತ, ಬಾಗಿಲು ಇತ್ತ.

ಲೋಕಲ್ ರೈಲಿನ ವಿಷಯದಲ್ಲಿ ನಿಮ್ಮ ಮಾತಿಗೆ ನನ್ನದು ಪೂರ್ತಿ ಹೂಂ ಇಲ್ಲ. ಹೊಸ ಗಾಡಿ ಕೇಳುವ ಮೊದಲು ಇರುವ ಪ್ಯಾಸೆಂಜರ್ ಕೆಲಸದ ಹೊತ್ತಿಗೆ ನಿಲ್ಲಲಿ ಅಂತ ಕೇಳಿ. ಅದಕ್ಕೆ ಹಳಿ ಹಾಕಬೇಕಿಲ್ಲ, ಜಮೀನೂ ಬೇಡ. ಸಣ್ಣ ಸ್ಟೇಷನ್ ವಿಷಯ ಬಂದಾಗ ರೈಲ್ವೆಯವರು ಮೊದಲು ನೋಡುವುದು ಅಲ್ಲಿ ಎಷ್ಟು ಟಿಕೆಟ್ ಹೋಯಿತು ಅಂತ. ನಾನು ನಿಂತಿದ್ದಾಗ ಹತ್ತಿದವರು ಹನ್ನೊಂದು ಜನ, ಟಿಕೆಟ್ ತೆಗೆಸಿದವರು ಇಬ್ಬರು. ಉಳಿದವರ ಹತ್ತಿರ ಪಾಸ್ ಇತ್ತೋ, ಧೈರ್ಯ ಇತ್ತೋ ಕೇಳಲಿಲ್ಲ. ಕೋವಿಡ್ ಕಾಲದಲ್ಲಿ 30 ರೂಪಾಯಿಗೆ ಏರಿದ್ದ ಪ್ಯಾಸೆಂಜರಿನ ಕನಿಷ್ಠ ದರ 2024ರ ಫೆಬ್ರವರಿಯಲ್ಲಿ ಮತ್ತೆ 10 ರೂಪಾಯಿಗೆ ಇಳಿಯಿತು. ಹತ್ತು ರೂಪಾಯಿ ಕೊಟ್ಟರೆ ನಿಮ್ಮ ಸ್ಟೇಷನ್ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಓಣಿಯವರಿಗೆ ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಿ, ಅಕ್ಕೋರ ಮಾತು ಕೇಳುತ್ತಾರೆ.

ಅಂಡರ್‌ಪಾಸ್ ಬದಲು ಮೇಲ್ಸೇತುವೆ ಬೇಕು ಅಂದಿದ್ದೀರಿ. ಅದರಲ್ಲಿ ಒಂದು ಲೆಕ್ಕ ಇದೆ. ಗೇಟ್ ಇರುವ ಕಡೆ ದಿನಕ್ಕೆ ಓಡುವ ರೈಲುಗಳನ್ನು ದಾಟುವ ವಾಹನಗಳಿಂದ ಗುಣಿಸುತ್ತಾರೆ. 50 ರೈಲು, 2000 ಗಾಡಿ ಆದರೆ ಒಂದು ಲಕ್ಷ. ಅಷ್ಟು ಬಂದರೆ ರೈಲ್ವೆ ಅರ್ಧ, ರಾಜ್ಯ ಅರ್ಧ ಅಂತ ಸೇತುವೆಯ ಮಾತು ಮುಂದೆ ಹೋಗುತ್ತದೆ. ನಿಮ್ಮಲ್ಲಿ ಗೇಟೇ ಮುಚ್ಚಿಯಾಗಿದೆ, ಅಂಡರ್‌ಪಾಸ್ ಬಂದಾಗಿದೆ. ಈಗ ಸೇತುವೆ ಕೇಳಿದರೆ ಅಂಕೋಲಾ ರೈಲಿನ ಹಿಂದೆ ಸಾಲಿನಲ್ಲಿ ನಿಂತಂತೆ. ಪಂಪು ಕೇಳಿ. ನೀರು ಹೊರಗೆ ಹೋಗಲು ಗಟಾರ ಕೇಳಿ. ಪಕ್ಕದಲ್ಲಿ ನಡೆಯಲು ಎರಡಡಿ ಎತ್ತರದ ಕಟ್ಟೆ, ಒಂದು ದೀಪ. ಅಷ್ಟು ಸಾಕು.

ಉದ್ಯಾನದ ಜಾಗದ್ದು ಮಾತ್ರ ತಡ ಮಾಡಬೇಡಿ. ಉದ್ಯಾನ, ಬಯಲು ಜಾಗಗಳ ರಕ್ಷಣೆಗೆ ರಾಜ್ಯದಲ್ಲಿ 1985ರ ಕಾಯ್ದೆಯೇ ಇದೆ. ಆದರೆ ಅದು ಉದ್ಯಾನದ್ದೇ ಜಾಗ ಅಂತ ತೋರಿಸಲು ಲೇಔಟಿನ ಅನುಮೋದಿತ ನಕ್ಷೆ ಕೈಯಲ್ಲಿರಬೇಕು. ಮಾರಿದವರು ಕೊಟ್ಟ ಬಣ್ಣದ ಕರಪತ್ರ ನಡೆಯುವುದಿಲ್ಲ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಶುಲ್ಕ ಕಟ್ಟಿ ದೃಢೀಕೃತ ಪ್ರತಿ ಕೇಳಿ, 30 ದಿನದಲ್ಲಿ ಉತ್ತರ ಕೊಡಬೇಕು. ಒಂದು ಎಚ್ಚರಿಕೆ: ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಶಬ್ದದೊಳಗೆ. ನಿಮಗೆ ಇದು ಕಷ್ಟ ಆಗಬಹುದು, ಅಲ್ವಾ?

ಧಾರವಾಡಕ್ಕೆ ಬೇರೆ ಪಾಲಿಕೆ ಮಾಡಲು 2025ರ ಜನವರಿಯಲ್ಲಿ ಸಂಪುಟ ಒಪ್ಪಿತು. 1962ರಿಂದ ಒಂದೇ ಪಾಲಿಕೆಯ ಮನೆಯಲ್ಲಿದ್ದ ಎರಡು ಊರು ಪಾಲಾದರೆ ಕಾಗದಪತ್ರದ ಕಪಾಟುಗಳೂ ಪಾಲಾಗುತ್ತವೆ. 1997ರಲ್ಲಿ ಜಿಲ್ಲೆ ಮೂರಾದಾಗ ನಮ್ಮ ಅಪ್ಪ ಗದಗಿನ ಹೊಲದ ಒಂದು ಕಾಗದಕ್ಕಾಗಿ ಎರಡೂ ಊರು ಅಲೆದಿದ್ದರು. ಇಲ್ಲಿ ಕೇಳಿದರೆ ಅಲ್ಲಿಗೆ ಹೋಗಿದೆ, ಅಲ್ಲಿ ಕೇಳಿದರೆ ಇನ್ನೂ ಬಂದಿಲ್ಲ. ಹಾಗಾಗಿ ನಕ್ಷೆ ಈಗಲೇ ತೆಗೆಸಿ ಟ್ರಂಕಿನಲ್ಲಿ ಇಡಿ.

ಏಳು ಹಾಳೆಯನ್ನು ಮೂರು ಅರ್ಜಿ ಮಾಡಿ. ರೈಲು ನಿಲುಗಡೆ ಒಂದು, ಅಂಡರ್‌ಪಾಸ್ ಒಂದು, ಉದ್ಯಾನ ಒಂದು. ಟಪಾಲು ಶಾಖೆಯಲ್ಲಿ ಸ್ವೀಕೃತಿ ಸೀಲು ಹಾಕಿಸಿ, ಸೀಲು ಬಿದ್ದ ಪ್ರತಿ ನನಗೂ ಒಂದು ಕಳಿಸಿ. ಜೂನ್ ಮಳೆಗೆ ಮೊದಲು ಬಂದರೆ ಒಳ್ಳೇದು. ಮಳೆ ಶುರುವಾದ ಮೇಲೆ ಇನ್ನೊಂದು ಸಲ ಬಂದು ಆ ಗೋಡೆಯ ಗೆರೆ ಅಳೆಯುತ್ತೇನೆ, ಈ ಸಲ ಟೇಪು ತರುತ್ತೇನೆ.

— ಸಂಪಾದಕ